ಎರಡು ದಂಡೆಯ ಅಂತರಪಟ

ಮೊನ್ನೆ ಲಕ್ಕುಂಡಿಗೆ ಬೀಗರ ಮನೆಗೆ ಹೋಗಿದ್ದೆ. ಬಸ್ಸಿಳಿದು ಓಣಿಯಲ್ಲಿ ನಡೆಯುವಾಗ ಒಂದು ವಾಸನೆ ಬಂತು, ಕಾಲು ತಾನಾಗಿ ನಿಂತಿತು. ಕಂಬಳಿ ನೇಯುವವರ ಮನೆಯ ಮುಂದೆ ಒಲೆಯ ಮೇಲೆ ಹುಣಸೆ ಬೀಜದ ಸರಿ ಕುದಿಯುತ್ತಿತ್ತು. ಕಂಬಳಿಗೆ ಬಿಗಿ ಬರಲೆಂದು ಹಚ್ಚುವ ಅಂಟು ಅದು. ಹುರಿದ ಬೀಜದ ಕಮಟು, ಅದರ ಹಿಂದೆಯೇ ಒಂದು ಹಸಿ ವಾಸನೆ... ನೇಕಾರನಾದ ನನಗೆ ಗಂಜಿಯ ವಾಸನೆ ಹೊಸದಲ್ಲ. ಆದರೆ ಇದು ನಮ್ಮ ಮಗ್ಗದ ಮನೆಯ ವಾಸನೆಯಲ್ಲ, ನಮ್ಮ ಅಕ್ಕನ ಮನೆಯದು. ಅಕ್ಕನ ಗಂಡ, ನಮ್ಮ ಮಾವ, ನಾಟಕದ ಪರದೆಗೆ ಬಣ್ಣ ಹಾಕುವ ಮೊದಲು ಬಟ್ಟೆಗೆ ಇದನ್ನೇ ಬಳಿಯುತ್ತಿದ್ದರು.

ಒಲೆಯ ಮುಂದಿದ್ದ ಹೆಣ್ಣುಮಗಳು ತಲೆಯೆತ್ತಿ, "ಯಾರು ಬೇಕಾಗಿತ್ರಿ ಅಜ್ಜಾರ?" ಅಂದಳು. "ಯಾರೂ ಇಲ್ಲವ್ವಾ" ಎಂದು ಮುಂದೆ ನಡೆದೆ. ಆದರೆ ಬೀಗರ ಮನೆಯಲ್ಲಿ ಊಟಕ್ಕೆ ಕೂತರೂ ಆ ವಾಸನೆ ಮೂಗಿನಲ್ಲೇ ಇತ್ತು.

ನಾನು ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವನು. ಅಪ್ಪ ತೀರಿಕೊಂಡ ವರ್ಷ ಬೆಟಗೇರಿಯ ಮನೆಯ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟೆ. ಆಮೇಲೆ ನಲವತ್ತು ವರ್ಷ ಮೇಲೆತ್ತಲಿಲ್ಲ ಎಂದರೂ ನಡೆದೀತು. ಇಂಥ ದಿನ ಸೀರೆ ಇಳಿಸುತ್ತೇನೆ ಎಂದರೆ ಅದೇ ದಿನ ಇಳಿಸಿದವನು. ಹೇಳಿದ ಮಾತಿಗೆ ತಪ್ಪದವನು ಎಂದು ಓಣಿಯಲ್ಲಿ ಹೆಸರಿತ್ತು. ಆ ಹೆಸರನ್ನು ನಾನೂ ಜೋಪಾನವಾಗಿ ಹೊತ್ತುಕೊಂಡು ತಿರುಗಿದೆ. ಅಂಥವನಿಗೆ ಮಾವ ಅರ್ಥವಾಗುವುದು ಹೇಗೆ?

ಮಾವ ಒಂದು ಕಡೆ ಕೂತದ್ದನ್ನು ನಾನು ನೋಡಿದ್ದು ಕಡಿಮೆ. ಊಟಕ್ಕೆ ಕೂತರೂ ಬೆರಳು ತಟ್ಟೆಯ ಅಂಚಿನ ಮೇಲೆ ಏನೋ ಗೀಚುತ್ತಿತ್ತು. ಆಗ ಗದಗಿನಲ್ಲಿ ನಾಟಕ ಕಂಪನಿಗಳ ಭರಾಟೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ಕಂಪನಿ ಊರೂರು ಬಿಡಾರ ಹಾಕಿದಂತೆ ಮಾವನೂ ಹಿಂದೆ ಹೋಗುತ್ತಿದ್ದರು. ದರ್ಬಾರು, ಬೀದಿ, ಅಡವಿ, ಈ ಮೂರು ಪರದೆಗಳನ್ನು ಕಣ್ಣು ಮುಚ್ಚಿ ಬರೆಯುವ ಕೈ ಅದು. ಆದರೆ ಹೊಳೆಯ ಪರದೆ ಮಾತ್ರ ಎಂದೂ ಮುಗಿಯಲಿಲ್ಲ. ಬರೆಯುವರು, ದೂರ ನಿಂತು ನೋಡುವರು, "ಇದು ನೀರಲ್ಲ, ನೀಲಿ ಅರಿವಿ" ಎಂದು ಅದರ ಮೇಲೆ ಸುಣ್ಣ ಎಳೆಯುವರು. ಕಂಪನಿಯ ಮ್ಯಾನೇಜರು ಒಮ್ಮೆ ಮನೆಯ ಬಾಗಿಲಿಗೇ ಬಂದು, "ನಿಮ್ಮ ಹೊಳಿ ಯಾವಾಗ ತುಂಬತೈತ್ರೀ? ನಮ್ಮ ನಾಯಕಿ ಈಜೂದು ಮರತು ಕುಂತಾಳ" ಎಂದಿದ್ದ. ಮಾವ ನಗಲಿಲ್ಲ. "ಬ್ಯಾಸಿಗಿಯಾಗ ಹೊಳಿ ಹ್ಯಾಂಗ ತುಂಬತೈತಿ?" ಎಂದು ಅವನಿಗೇ ತಿರುಗಿ ಕೇಳಿದರು.

ಮನೆಯಲ್ಲಿ ಬಿಳಿಯದು ಏನೂ ಉಳಿಯುತ್ತಿರಲಿಲ್ಲ. ಒಂದು ಸಲ ಅಕ್ಕ ಒಣಹಾಕಿದ್ದ ಬಿಳಿ ಸೀರೆಯ ಸೆರಗಿನ ಮೇಲೆ ನೀಲಿ ಹಾಕಿ, ಗಾಳಿಗೆ ಅದು ಅಲ್ಲಾಡುವಾಗ ತೆರೆ ಹೇಗೆ ಕಾಣುತ್ತದೆಂದು ನೋಡುತ್ತ ನಿಂತಿದ್ದರು. ಅಕ್ಕ ಕಸಬರಿಗೆ ಹಿಡಿದು ಹೊರಗೆ ಬಂದವಳು ಬೈದಳು, ಅತ್ತಳು, ನಾನು ಹೋದಾಗ ನನ್ನ ಮುಂದೆ ಎಲ್ಲಾ ಹೇಳಿದಳು. ಎಲ್ಲ ಹೇಳಿ ಮುಗಿಸಿ, ದನಿ ಇಳಿಸಿ, "ಖರೇನ ನೀರಿನಗತೆ ಕಾಣತಿತ್ತು ನೋಡೋ, ಹಾಳಾದಂವ" ಎಂದಳು.

ಸ್ವಾತಂತ್ರ್ಯ ಬಂದ ದಿನ ಗದಗಿನಲ್ಲಿ ಧ್ವಜ ಏರಿಸುವುದನ್ನು ತೋರಿಸುತ್ತೇನೆಂದು ಮಾವ ಮಗಳಿಗೆ ಮಾತು ಕೊಟ್ಟಿದ್ದರು. ಅವರಿಗಿದ್ದದ್ದು ಅದೊಂದೇ ಕೂಸು, ಏಳು ವರ್ಷದ ಹುಡುಗಿ. ಹೊಸ ಲಂಗ ಹಾಕಿಕೊಂಡು ಬೆಳಗಿನಿಂದ ಹೊಸ್ತಿಲ ಮೇಲೆ ಕೂತಿತ್ತು. ಹೊಳೆಗೆ ಹೊಸ ನೀರು ಬಂದಿದೆ ಎಂದು ಯಾರೋ ಹೇಳಿದರಂತೆ, ಮಾವ ಹಿಂದಿನ ದಿನವೇ ಮುಂಡರಗಿ ಬಸ್ಸು ಹತ್ತಿ ಹೊಳೆದಂಡೆಯ ಹಮ್ಮಿಗಿಗೆ ಹೋಗಿಬಿಟ್ಟಿದ್ದರು. ಕಡೆಗೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದವನು ನಾನು. ಎಲ್ಲರೂ ಮೇಲೆ ಧ್ವಜ ನೋಡುತ್ತಿದ್ದರೆ ಅವಳು ಕೆಳಗೆ ಜನರೊಳಗೆ ಅಪ್ಪನನ್ನು ಹುಡುಕುತ್ತಿದ್ದಳು. ಅವಳ ಕುತ್ತಿಗೆ ತಿರುಗಿದಂತೆಲ್ಲ ನನ್ನ ಹೆಗಲಿಗೆ ಗೊತ್ತಾಗುತ್ತಿತ್ತು... ಆ ದಿನದಿಂದ ನನ್ನೊಳಗೆ ಒಂದು ಸಿಟ್ಟು ಕೂತಿತು.

ಆದರೂ ಆ ಹುಡುಗಿಗೆ ಅಪ್ಪನೆಂದರೆ ಪ್ರಾಣ. ಮಾವ ಮನೆಯಲ್ಲಿದ್ದ ದಿನ ಬಣ್ಣದ ಕುಡಿಕೆಗಳ ನಡುವೆ ಅವರ ಎದುರಿಗೇ ಕೂತಿರುತ್ತಿದ್ದಳು. ಅವಳಿಗೆ ಹದಿನಾರು ಮುಗಿದಾಗ ಶಿರಹಟ್ಟಿಯ ಕಾಳಿನ ವ್ಯಾಪಾರಿಯೊಬ್ಬರ ಮನೆಯಿಂದ ಕೇಳಿಕೊಂಡು ಬಂದರು. ನಮ್ಮ ಮಂದಿಯೇ, ಗಟ್ಟಿ ಮನೆತನ, ಹುಡುಗ ಮೆತ್ತಗಿನವನು. ಹುಡುಗನ ಅಪ್ಪನಿಗೆ ಒಂದೇ ಅನುಮಾನ. "ನಾಟಕದವರ ಪೈಕಿ ಅಂತಲ್ಲರಿ. ನಾಳೆ ಹೆಣ್ಣಿನ ಅಪ್ಪ ಎಲ್ಲಿ ಅಂದ್ರ ನಾವು ಯಾವ ಬಿಡಾರದಾಗ ಹುಡುಕೂದು?" ಎಂದು ನನ್ನನ್ನೇ ಕೇಳಿದರು. ಜವಾಬ್ದಾರಿ ನನ್ನದು ಎಂದು ಮಾತು ಕೊಟ್ಟೆ.

ಅದು ರಾಜ್ಯ ಒಂದಾದ ವರ್ಷ. ನಮ್ಮ ಕಡೆಯ ಹೋಳುಗಳನ್ನು ಈಗಿನವರು ನಂಬುವುದಿಲ್ಲ. ಲಕ್ಷ್ಮೇಶ್ವರ ಒಬ್ಬ ರಾಜರದು, ಶಿರಹಟ್ಟಿ ಇನ್ನೊಬ್ಬರದು, ಗದಗು ಮುಂಬೈ ಸರಕಾರದ್ದು. ಸಂಸ್ಥಾನಗಳೇನೋ ಸ್ವಾತಂತ್ರ್ಯದ ಬೆನ್ನಿಗೇ ಕೂಡಿಕೊಂಡವು. ಆದರೆ ಹಮ್ಮಿಗಿಯಲ್ಲಿ ನಿಂತರೆ ಈ ದಂಡೆ ಮುಂಬೈ, ಎದುರಿನ ದಂಡೆ ಮೊದಲು ಮದ್ರಾಸು, ಆಮೇಲೆ ಮೈಸೂರು. ಎರಡೂ ದಂಡೆಯಲ್ಲಿ ಅದೇ ಜೋಳ, ಅದೇ ಮಾತು. ರಾಜ್ಯ ಒಂದಾಯಿತೆಂದು ಗದಗಿನಲ್ಲಿ ಮೆರವಣಿಗೆ ಹೊರಟಾಗ ಎಲ್ಲರಂತೆ ಮಾವನೂ ಕುಣಿದರು. ಕುಣಿದವರು ಮನೆಗೆ ಬಂದರು. ಆಮೇಲೆ ಅಕ್ಕನಿಗೆ, "ಇಷ್ಟು ವರ್ಷ ನಾ ಒಂದಽ ದಂಡಿಯಿಂದ ನೋಡೀನಲ್ಲ! ಆ ಕಡೆಯಿಂದ ನೀರು ಹ್ಯಾಂಗ ಕಾಣತೈತೋ ಏನೋ" ಎಂದರಂತೆ. ಅಕ್ಕ ಬೆರಳು ಮಡಿಸಿ ದಿನ ಎಣಿಸಿದಳು. ನಾಲ್ಕೇ ದಿನಕ್ಕೆ ನಿಶ್ಚಯವಿತ್ತು.

ನಿಶ್ಚಯದ ಹಿಂದಿನ ದಿನ ಮಾವ ಮಾಯ. ಹಮ್ಮಿಗಿಯಲ್ಲಿ ಹರಿಗೋಲು ಹತ್ತಿ ಆಚೆ ದಂಡೆಗೆ ಹೋದವರು ಬೆಳಗಿನ ಬಸ್ಸಿಗೂ ಬರಲಿಲ್ಲ, ಮಧ್ಯಾಹ್ನದ್ದಕ್ಕೂ ಬರಲಿಲ್ಲ. ವೀಳ್ಯ ಬದಲಾಯಿಸುವಾಗ ಹೆಣ್ಣಿನ ಅಪ್ಪನ ಜಾಗದಲ್ಲಿ ನಾನು ಕೂತೆ. ಜ್ವರ ಬಂದು ಮಲಗಿದ್ದಾರೆ ಎಂದು ಸುಳ್ಳು ಹೇಳಿದೆ, ಹುಟ್ಟಿದ ಮೇಲೆ ಅಷ್ಟು ಜನರ ಮುಂದೆ ಹೇಳಿದ ಮೊದಲ ಸುಳ್ಳು. ಹುಡುಗನ ಅಪ್ಪ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು, "ಆತು, ಜ್ವರ ಇಳೀಲಿ. ಲಗ್ನದಾಗೂ ಹಿಂಗಽ ಆದ್ರ ನಾವು ಹುಡುಗನ್ನ ಎಬ್ಬಿಸಿಕೊಂಡು ಹೋಗವರು ನೋಡ್ರಿ. ಮೊದಲಽ ಹೇಳಿರತೀನಿ" ಎಂದರು. ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದ ಹುಡುಗಿಗೂ ಅದು ಕೇಳಿಸಿತು.

ಮರುದಿನ ಮಾವ ಬಂದರು. ಮೊಣಕಾಲತನಕ ಕೆಸರು, ಕಣ್ಣು ಮಾತ್ರ ಥಳಥಳ. ನಾನು ಬೈಯುವುದೆಲ್ಲ ಬೈದೆ. ಎಲ್ಲ ಕೇಳಿಸಿಕೊಂಡು ಮೆಲ್ಲಗೆ, "ತಮ್ಮಾ, ಅಂತರಪಟದ ಅರಿವಿ ನೀನಽ ತರಾಂವಲ್ಲ, ಅದನ್ನ ನನಗ ಕೊಡು. ಆ ಕೂಸಿಗೆ ನಾ ಏನೂ ಮಾಡಿಲ್ಲ" ಎಂದರು.

ಲಗ್ನದಲ್ಲಿ ಗಂಡು ಹೆಣ್ಣಿನ ನಡುವೆ ಹಿಡಿಯುವ ಬಟ್ಟೆಯೇ ಅಂತರಪಟ. ನಮ್ಮಲ್ಲಿ ಅದು ಹೆಣ್ಣಿನ ಸೋದರಮಾವನ, ಎಂದರೆ ನನ್ನ, ಪಾಲಿನದು. ತರುವವನೂ ಅವನೇ, ಹಿಡಿಯುವವನೂ ಅವನೇ. ನಡುವೆ ಕುಂಕುಮ ಕಲಸಿ ಒಂದು ಸ್ವಸ್ತಿಕ ಬರೆದರೆ ಮುಗಿಯಿತು. ನಾನು ನನ್ನ ಕೈಯಾರೆ ಸಣ್ಣ ನೂಲಿನಲ್ಲಿ ಎರಡು ಮೊಳ ನೇಯ್ದಿಟ್ಟಿದ್ದೆ. ಅಕ್ಕ ಹಿಂದಿನಿಂದ ಬೇಡ ಬೇಡ ಎಂದು ಕೈ ಮಾಡುತ್ತಿದ್ದಳು. ಆದರೆ ಹಿಂದೆಂದೂ ಯಾರಿಗೂ ಏನೂ ಕೇಳದ ಮನುಷ್ಯ ಕೇಳಿದಾಗ ಇಲ್ಲ ಎನ್ನಲಾಗಲಿಲ್ಲ. ಕೊಟ್ಟುಬಿಟ್ಟೆ.

ಲಗ್ನಕ್ಕೆ ಇನ್ನೂ ಇಪ್ಪತ್ತು ದಿನ ಇತ್ತು. ಎರಡು ಮೊಳದ ಬಟ್ಟೆಗೆ ಇಪ್ಪತ್ತು ದಿನ! ನಾನಾದರೆ ಅಷ್ಟರಲ್ಲಿ ಮಗ್ಗದಿಂದ ಎಷ್ಟು ಸೀರೆ ಇಳಿಸುತ್ತಿದ್ದೆನೋ. ಹೋದಾಗಲೆಲ್ಲ ಹಿತ್ತಲ ಕೋಣೆಯಲ್ಲಿ ಅಂಟು ಕುದಿಯುವ ವಾಸನೆ, ಒಳಗೆ ಮಾವನ ನಡೆದಾಟ. ತೊಂದರೆ ಏನೆಂದರೆ, ನಾಟಕದ ಪರದೆಗೆ ಮುಖ ಒಂದೇ. ಜನ ಕೂಡುವುದು ಒಂದು ಕಡೆ. ಅಂತರಪಟಕ್ಕೆ ಹಾಗಲ್ಲ, ಈ ಕಡೆ ಹೆಣ್ಣು, ಆ ಕಡೆ ಗಂಡು. ಮಾವ ಅದೇ ತೆಳ್ಳನೆಯ ಬಟ್ಟೆಯ ಎರಡೂ ಮಗ್ಗುಲಿಗೆ ಹೊಳೆ ಬರೆಯಲು ಹೊರಟಿದ್ದರು. ಮಗಳ ಕಡೆಗೆ ಈ ದಂಡೆಯಿಂದ ಕಂಡ ನೀರು, ಅಳಿಯನ ಕಡೆಗೆ ಆ ದಂಡೆಯಿಂದ ಕಂಡ ನೀರು. ಒಂದು ಮಗ್ಗುಲಿನ ಬಣ್ಣ ಇನ್ನೊಂದಕ್ಕೆ ಸೋರುತ್ತಿತ್ತು. ತೊಳೆಯುವರು, ಮತ್ತೆ ಅಂಟು ಹಚ್ಚುವರು, ಒಣಗಿಸುವರು. "ಇಷ್ಟು ಸಣ್ಣ ನೇಯಬ್ಯಾಡಾಗಿತ್ತು ನೀ" ಎಂದು ನನಗೇ ಹುಸಿಮುನಿಸು ತೋರಿದರು. ಲಗ್ನದ ಹಿಂದಿನ ಸಂಜೆ ಮುಗಿಯಿತು ಎಂದರು. ಅಕ್ಕ ದೇವರಿಗೆ ಕೈಮುಗಿದಳು.

ಮುಂಜಾನೆ ಹಂದರದ ತುಂಬ ಮಂದಿ. ಮಾವ ರೇಷ್ಮೆ ಪಂಚೆ ಉಟ್ಟು, ಮಗಳ ಜೊತೆ ದೇವರ ಕಾರ್ಯಕ್ಕೆಲ್ಲ ಕೂತು ಎದ್ದರು. ನನಗೆ ಜೀವ ಬಂದಂತಾಯಿತು. ಆದರೆ ಹರಿವಾಣದಲ್ಲಿ ಮಡಿಸಿಟ್ಟಿದ್ದ ಅಂತರಪಟವನ್ನು ಬಿಸಿಲಿಗೆ ಒಮ್ಮೆ ಬಿಚ್ಚಿ ನೋಡಿದರು ನೋಡಿ... ಅಲ್ಲಿಗೆ ಮುಗಿಯಿತು. ಅಳಿಯನ ಕಡೆಯ ಮಗ್ಗುಲಲ್ಲಿ ಏನೋ ಸರಿಯಿಲ್ಲ. ಅದನ್ನೆತ್ತಿಕೊಂಡು ಹಿತ್ತಲ ಕೋಣೆ ಹೊಕ್ಕು ಅಗಳಿ ಹಾಕಿಕೊಂಡರು.

ಆಗ ಮುಹೂರ್ತಕ್ಕೆ ಗಳಿಗೆ ಬಟ್ಟಲು ಇಡುತ್ತಿದ್ದರು. ತಳದಲ್ಲಿ ಸೂಜಿಮೊನೆಯಷ್ಟು ತೂತಿರುವ ತಾಮ್ರದ ಬಟ್ಟಲನ್ನು ನೀರು ತುಂಬಿದ ಬೋಗುಣಿಯಲ್ಲಿ ತೇಲಿಬಿಡುವುದು. ನೀರು ಒಳಗೆ ಏರಿ ಬಟ್ಟಲು ಮುಳುಗಿದರೆ ಒಂದು ಗಳಿಗೆ. ಕೊನೆಯ ಬಟ್ಟಲು ಮುಳುಗಿದ ಕ್ಷಣಕ್ಕೆ ಅಕ್ಕಿಕಾಳು ಬೀಳಬೇಕು. ಅದರ ಮುಂದೆ ಕೂತು ಮುಳುಗಿತು ಎಂದು ಕೂಗುವುದೂ ಸೋದರಮಾವನ ಕೆಲಸವೇ. ಪಡಸಾಲೆಯ ಮೂಲೆಯಲ್ಲಿ, ಭಟ್ಟರು ಕೊನೆಯ ಬಟ್ಟಲು ಬಿಟ್ಟು ಹಂದರಕ್ಕೆ ಹೋದ ಮೇಲೆ ನಾನೊಬ್ಬನೇ ಉಳಿದೆ. ಓಡಿಹೋಗಿ ಕೋಣೆಯ ಬಾಗಿಲು ಬಡಿದೆ.

"ಮಾವಾರ, ಹೊರಗ ಬರ್ರಿ. ಕಡೀ ಬಟ್ಟಲ ಬಿಟ್ಟಾರ."

"ಬಟ್ಟಲ ಮುಳುಗೂದ್ರಾಗ ಬರ್ತೀನಿ ತಮ್ಮಾ. ಗಂಡಿನ ಕಡೀ ದಂಡಿ ಇನ್ನೂ ಹಸೀ ಐತಿ."

"ಹಸೀ ಇದ್ರ ಇರಲಿ ಬಿಡ್ರಿ! ಅದನ್ನ ಹಿಡಿಯೂದು ಎರಡು ಉಸಿರು ಹೊತ್ತು."

"ಆ ಎರಡು ಉಸಿರು ಹೊತ್ತು ಆ ಹುಡುಗ ನೋಡಾಂವ ಇದನ್ನಽ ಅಲ್ಲೇನು?" ಎಂದರು ಒಳಗಿನಿಂದ. ದನಿಯಲ್ಲಿ ನಗೆಯಿತ್ತು.

ತಿರುಗಿ ಬಂದು ಬಟ್ಟಲ ಮುಂದೆ ಕೂತೆ. ಅರ್ಧಕ್ಕಿಂತ ಸ್ವಲ್ಪ ಮೇಲೆ ನೀರು ಬಂದಿತ್ತು. ಹಂದರದಲ್ಲಿ ಹುಡುಗನ ಅಪ್ಪನ ದನಿ ಏರುತ್ತಿತ್ತು: "ಹೆಣ್ಣಿನ ಅಪ್ಪ ಎಲ್ಲಿ? ಮತ್ತ ಜ್ವರ ಬಂತೇನು?" ಯಾರೋ ಕಿಸಕ್ಕೆಂದರು. ಕೈಗಡಿಯಾರ ಕಟ್ಟಿದ್ದ ಮಾಸ್ತರನೊಬ್ಬ, "ಇನ್ನ ಹತ್ತು ಮಿನಿಟ ಐತ್ರಿ, ನನ್ನ ಗಡಿಯಾರದಾಗ" ಎಂದ. "ನಿನ್ನ ಗಡಿಯಾರಕ್ಕ ಮೊದಲ ಚಾವಿ ಕೊಡಪಾ" ಎಂದು ಅವನ ಬಾಯಿ ಮುಚ್ಚಿಸಿದರು. ಮಣೆಯ ಮೇಲೆ ಬಾಸಿಂಗ ಕಟ್ಟಿಕೊಂಡು ನಿಂತಿದ್ದ ಹುಡುಗಿ ನಾನು ಕೂತಲ್ಲಿಗೆ ಕಾಣುತ್ತಿದ್ದಳು. ಹಿತ್ತಲ ಬಾಗಿಲಿನ ಕಡೆಗೇ ಅವಳ ಕುತ್ತಿಗೆ.

ಅಕ್ಕ ಬಂದಳು. "ಏನಂತಾನ?"

"ಬರ್ತಾರಂತ."

"ಬರ್ತೀನಿ ಅಂದಾಂವ ಯಾವತ್ತು ಬಂದಾನೋ?" ಎಂದವಳು ಸೆರಗು ಬಾಯಿಗೊತ್ತಿಕೊಂಡು ಹೊರಟುಹೋದಳು. ಹಂದರದಲ್ಲಿ ಹುಡುಗನ ಅಪ್ಪ ಎದ್ದು ನಿಂತು ಶಲ್ಯ ಕೊಡವಿದರು.

ನಾನು ತೋರುಬೆರಳಿನಿಂದ ಬಟ್ಟಲಿನ ಅಂಚನ್ನು ಒತ್ತಿದೆ.

ಗುಳುಕ್ ಎಂದು ಸಣ್ಣ ಸದ್ದಾಯಿತು. ಬಟ್ಟಲು ತಳ ಸೇರಿತು. "ಮುಳುಗಿತು!" ಎಂದು ಕೂಗುತ್ತ ಹಂದರಕ್ಕೆ ಓಡಿದೆ. ಮುಹೂರ್ತ ಬಂದ ಮೇಲೆ ಹುಡುಗನನ್ನು ಮಣೆಯಿಂದ ಎಬ್ಬಿಸುವಂತಿಲ್ಲ, ಅವನ ಅಪ್ಪ ತಡೆದು ನಿಂತರು. ಒದ್ದೆ ಬೆರಳನ್ನು ಪಂಚೆಗೆ ಒರೆಸಿಕೊಂಡು, ನನ್ನ ಶಲ್ಯವನ್ನೇ ಬಿಚ್ಚಿ, ಚಿಕ್ಕಪ್ಪನ ಮಗನ ಕೈಗೊಂದು ತುದಿ ಕೊಟ್ಟು ಅಂತರಪಟ ಹಿಡಿದೆ. ಭಟ್ಟರು ಮಂಗಲಾಷ್ಟಕ ಹೇಳಿದರು, ವಾದ್ಯ ಮೊಳಗಿತು, ಅಕ್ಕಿಕಾಳು ಬಿದ್ದವು. ಶಲ್ಯ ಇಳಿಸಿದಾಗ ಹುಡುಗ ಹುಡುಗಿಯನ್ನು ನೋಡಿದ. ಅವಳು ಆಗಲೂ ಬಾಗಿಲ ಕಡೆಗೇ ನೋಡುತ್ತಿದ್ದಳು. ಧಾರೆ ಎರೆಯುವವರು ಯಾರು ಎಂದು ಭಟ್ಟರು ಕೇಳಿದರು. ನಾನು ನನ್ನ ಹೆಂಡತಿಯನ್ನು ಕರೆದೆ. ನಾವಿಬ್ಬರೂ ನಿಂತು ಅಕ್ಕನ ಮಗಳನ್ನು ಧಾರೆ ಎರೆದುಕೊಟ್ಟೆವು. ಮಂದಿ ಎಂಥ ಸೋದರಮಾವ ಎಂದರು. ನನಗೆ ಅದು ಕೇಳಿಸಿತು, ಹಿತವೂ ಆಯಿತು. ಸುಳ್ಳೇಕೆ ಹೇಳಲಿ...

ಕೊಡದ ನೀರು ಇನ್ನೂ ಬೀಳುತ್ತಿದ್ದಾಗ ಮಾವ ಹೊರಗೆ ಬಂದರು.

ಎರಡು ತುದಿ ಎರಡು ಕೈಯಲ್ಲಿ ಹಿಡಿದು, ಬಟ್ಟೆಯನ್ನು ಮೈಗೆ ತಾಗಿಸದೆ, ಅದರ ಹಿಂದಿನಿಂದಲೇ ನಡೆದು ಬಂದರು. ಮೊದಲು ನಮಗೆ ಕಂಡದ್ದು ಮಾವನಲ್ಲ, ಹೊಳೆ. ಹಮ್ಮಿಗಿಯ ಕಲ್ಲುಗಳು, ಅವುಗಳ ನಡುವೆ ಸೀಳಿಕೊಂಡು ಬರುವ ಬೆಳಗಿನ ನೀರು. ಮುಂದಿದ್ದ ಒಬ್ಬ ಮುದುಕಿ ಸೀರೆಯ ನಿರಿಗೆ ಎತ್ತಿಕೊಂಡಳು. ಆಮೇಲೆ ನಾಚಿ ಬಿಟ್ಟಳು. ಮಾವ ಬಟ್ಟೆಯ ಮೇಲಿನಿಂದ ಇಣುಕಿದರು. ಮಗಳ ತಲೆಯ ಮೇಲಿನ ಅಕ್ಕಿಕಾಳು ನೋಡಿದರು, ನನ್ನ ಕೈಯ ಕೊಡ ನೋಡಿದರು. ಮಾಸ್ತರ ಮಾತ್ರ ಮತ್ತೆ ಗಡಿಯಾರ ನೋಡಿಕೊಂಡು, "ಈಗ ನೋಡ್ರಿ, ಸರಿಯಾಗಿ ಹೊತ್ತಾತು" ಎಂದ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಹಾಕಿಕೊಂಡೆ.

ಮಾವ ಹೇಳಿದ ಹೊತ್ತಿಗೆ ಬಂದಿದ್ದರು. ಜೀವಮಾನದಲ್ಲಿ ಅದೊಂದು ಸಲ.

ಊಟದ ಪಂಕ್ತಿ ನಡೆಯುವಾಗ ಹಿತ್ತಲಿಗೆ ಹೋದೆ. ಮಾವ ನೀರು ತುಂಬಿದ ಕಲ್ಲುದೋಣಿಯ ಮುಂದೆ ಕೂತು ಆ ಬಟ್ಟೆ ಒಗೆಯುತ್ತಿದ್ದರು. ನೀಲಿ ನೀರು ಬಚ್ಚಲ ಕಡೆಗೆ ಹರಿದುಹೋಗುತ್ತಿತ್ತು. ಹಿಂಡಿ, ಝಾಡಿಸಿ, ನನ್ನ ಕೈಗಿಟ್ಟು, "ತಗೋ, ನಿನ್ನ ಅರಿವಿ. ಛಲೋ ನೇಯ್ದೀಯಪಾ" ಎಂದರು. ಒಂದು ಕ್ಷಣ ಬಿಟ್ಟು, "ಇವತ್ತ ಬಟ್ಟಲ ಜಲ್ದಿ ಮುಳುಗೇತಿ ಅಲ್ಲ?" ಎಂದರು. ನಾನು "ಹೂಂ" ಎಂದೆ. ಗೊತ್ತಿದ್ದು ಕೇಳಿದರೋ, ಸುಮ್ಮನೆ ಕೇಳಿದರೋ, ಇವತ್ತಿಗೂ ತಿಳಿಯದು.

ಆಮೇಲೆ ಮಾವ ಪರದೆ ಮುಟ್ಟಲಿಲ್ಲ. ಹೊಸ ರಾಜ್ಯ ಬಂದದ್ದರಿಂದ ಕಚೇರಿಗಳಿಗೆಲ್ಲ ಹೊಸ ಬೋರ್ಡು ಬೇಕಾಗಿದ್ದವು. ಗೆರೆ ಹೊಡೆದು, ಅಕ್ಷರ ತುಂಬಿ, ಸಂಜೆ ಐದಕ್ಕೆ ಮನೆಗೆ ಬರುತ್ತಿದ್ದರು. ಅಕ್ಕ ಬಯಸಿದ್ದು ಅದನ್ನೇ ಅಲ್ಲವೇ? ಒಂದು ದಿನ ನಾನು ಅದನ್ನೇ ಅಂದದ್ದಕ್ಕೆ ಅವಳು, "ಬರ್ತಾನಪಾ. ಬಂದು ಕುಂಡ್ರತಾನ. ಬ್ಯಾರೆ ಯಾರೋ ಬಂದು ಕುಂತಂಗ ಆಗತೈತಿ" ಎಂದಳು. ಊಟಕ್ಕೆ ಕೂತಾಗ ಮಾವನ ಬೆರಳು ತಟ್ಟೆಯ ಪಕ್ಕ ಸುಮ್ಮನೆ ಬಿದ್ದಿರುತ್ತಿತ್ತು. ಏಳೆಂಟು ವರ್ಷಕ್ಕೆ ತೀರಿಕೊಂಡರು. ಅಕ್ಕನೂ ಹೋಗಿ ಬಹಳ ಕಾಲವಾಯಿತು.

ಹುಡುಗನ ಅಪ್ಪ ಎದ್ದು ಹೋಗುತ್ತಾರೆಂಬ ಹೆದರಿಕೆಯಿಂದ ಬಟ್ಟಲು ಒತ್ತಿದೆ ಎಂದು ನನಗೆ ನಾನೇ ಬಹಳ ವರ್ಷ ಹೇಳಿಕೊಂಡೆ. ಹೆದರಿಕೆ ಇತ್ತು, ಖರೆ. ಆದರೆ ಅಷ್ಟೇ ಇರಲಿಲ್ಲ. ಅವರು ತಪ್ಪುವವರು, ನಾನು ತಪ್ಪದವನು ಎಂಬುದನ್ನು ಅಷ್ಟು ಮಂದಿಯ ಮುಂದೆ ತೋರಿಸಬೇಕಾಗಿತ್ತು ನನಗೆ.

ಲಕ್ಕುಂಡಿಯಿಂದ ಗದಗಿಗೆ ಬಂದವನು ಬೆಟಗೇರಿಗೆ ಹೋಗದೆ ಶಿರಹಟ್ಟಿ ಬಸ್ಸು ಹತ್ತಿದೆ. ಅಕ್ಕನ ಮಗಳು ಈಗ ಮೊಮ್ಮಕ್ಕಳ ಅಜ್ಜಿ. "ಬರ್ರಿ ಮಾಮಾ, ಒಂದು ಮಾತು ತಿಳಿಸಬಾರದಾ? ಕುಂಡ್ರಿ" ಎಂದು ಚಾಪೆ ಹಾಸಿದಳು. ಧಾರೆ ಎರೆದುಕೊಟ್ಟವನೆಂದು ಇಂದಿಗೂ ನನಗೆ ಆ ಮನೆಯಲ್ಲಿ ಅಪ್ಪನ ಮರ್ಯಾದೆ. ಕೂತು, ನೀರು ಕುಡಿದು, ಎಲ್ಲಾ ಹೇಳಿದೆ. ಬೆರಳಿನಿಂದ ಒತ್ತಿದ್ದು, ಮಾಸ್ತರನ ಗಡಿಯಾರ, ಅವಳ ಅಪ್ಪ ಸರಿಯಾದ ಹೊತ್ತಿಗೆ ಬಂದದ್ದು.

ಅವಳು ಚಾಪೆಯ ಅಂಚಿನ ಎಳೆ ಕೀಳುತ್ತ ಕೂತಳು. ಬೈದಿದ್ದರೆ ಚೆನ್ನಾಗಿತ್ತು.

"ಅಪ್ಪ ಕಡೀಕ ಜಡ್ಡಿಗೆ ಬಿದ್ದು ಮಲಗಿದಾಗ ನನ್ನ ನೋಡಬೇಕಂತ ಮೂರು ಸಲ ಹೇಳಿ ಕಳಿಸಿದ್ದ" ಎಂದಳು ಕಡೆಗೆ. "ನನ್ನ ಲಗ್ನದ ಹೊತ್ತಿಗೆ ಅಂವಾ ಬಂದಿಲ್ಲ, ನಾ ಯಾಕ ಹೋಗಲಿ ಅಂದೆ. ಹೋಗಲಿಲ್ಲ ಮಾಮಾ... ಬರೇ ಮಣ್ಣಿಗೆ ಹೋದೆ."

ಇದು ನನಗೆ ಗೊತ್ತಿರಲಿಲ್ಲ. ಮಗಳ ಮೈ ಸರಿಯಿರಲಿಲ್ಲ, ಅದಕ್ಕೇ ಬರಲಿಲ್ಲ ಎಂದೇ ಅಕ್ಕ ನಮಗೆ ಹೇಳಿದ್ದಳು.

ಎದ್ದು ನಿಂತೆ. ಯಾವಾಗಲೂ ಓಣಿಯ ತುದಿಯವರೆಗೆ ಬಂದು ಕಳಿಸಿಕೊಡುವವಳು ಆ ದಿನ ಕೂತಲ್ಲಿಂದ ಏಳಲಿಲ್ಲ. ಮೊಮ್ಮಗಳೊಬ್ಬಳು, "ಅಜ್ಜಿ, ಮಾಮಾ ಅಜ್ಜ ಹೊಂಟ" ಎಂದು ಕೂಗಿದಳು. ಹೊಸ್ತಿಲು ದಾಟಿ ಸ್ವಲ್ಪ ನಿಂತೆ. ಆಮೇಲೆ ಬಸ್ ನಿಲ್ದಾಣದ ದಾರಿ ಹಿಡಿದೆ...